ಓರೆಬಿಸಿಲು ಮತ್ತು ಕಲ್ಲಿನ ಮುಖ

ಬೇಸಿಗೆಯ ರಜೆಯಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳನ್ನು ನೋಡಿಕೊಂಡು ಬಂದ ಪರಿಚಿತ ಕುಟುಂಬವೊಂದು ಊರಿಗೆ ಹಿಂದಿರುಗುವ ದಾರಿಯಲ್ಲಿ ನಮ್ಮ ಮನೆಗೆ ಬಂದಿತ್ತು. ಊಟವಾದ ಮೇಲೆ ಮನೆಯ ಮಗಳು ತನ್ನ ಮೊಬೈಲನ್ನು ನನ್ನ ಕೈಗಿತ್ತು, ತಾನು ತೆಗೆದ ಚಿತ್ರಗಳನ್ನು ಒಂದೊಂದಾಗಿ ತೋರಿಸತೊಡಗಿದಳು. ನಾಲ್ಕುನೂರಕ್ಕೂ ಹೆಚ್ಚು ಚಿತ್ರಗಳಿದ್ದವು. ಎಲ್ಲವೂ ಸ್ಫುಟವಾಗಿದ್ದವು, ಬಣ್ಣಕ್ಕೂ ಕೊರತೆಯಿರಲಿಲ್ಲ. ಆದರೂ ಆಕೆಯ ತಂದೆ ಮೆಲ್ಲನೆ, "ಸ್ವಾಮಿ, ಅಲ್ಲಿ ನಿಂತು ನೋಡಿದಾಗ ಮೈ ಜುಮ್ಮೆಂದಿತು. ಇಲ್ಲಿ ನೋಡಿದರೆ ಗೋಡೆಗೆ ಅಂಟಿಸಿದ ಕಾಗದದಂತಿದೆ. ಕಂಡದ್ದು ಎಲ್ಲಿಗೆ ಹೋಯಿತು?" ಎಂದರು.

ಪ್ರಶ್ನೆ ಸಣ್ಣದಲ್ಲ. ಅಂದು ಅವರಿಗೆ ಹೇಳಿದುದನ್ನೂ, ಹೊತ್ತಾಯಿತೆಂದು ಹೇಳದೆ ಬಿಟ್ಟುದನ್ನೂ ಈ ತಿಂಗಳ ಅಂಕಣದಲ್ಲಿ ಬರೆಯುತ್ತಿದ್ದೇನೆ. ಶಾಸ್ತ್ರಪಾಠ ಹೇಳುವವನಿಗೆ ಕ್ಯಾಮೆರಾದ ಗೊಡವೆ ಏಕೆಂದು ಕೆಲವರಿಗಾದರೂ ಅನ್ನಿಸೀತು. ಶಾಸನ, ವೀರಗಲ್ಲುಗಳ ಬೆನ್ನು ಹತ್ತಿ ಮೂವತ್ತೈದು ವರ್ಷಗಳಿಗೂ ಹೆಚ್ಚು ಕಾಲ ಊರೂರು ಅಲೆದವನಿಗೆ ಕ್ಯಾಮೆರಾ ಲೇಖನಿಯಷ್ಟೇ ಅಗತ್ಯವಾದ ಉಪಕರಣವಾಯಿತು. ಅದನ್ನು ಬಳಸುವುದನ್ನು ನಾನು ಕಲಿತದ್ದು ಬಹುಮಟ್ಟಿಗೆ ತಪ್ಪುಗಳಿಂದ. ಅವುಗಳಲ್ಲಿ ಒಂದು ತಪ್ಪು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲ ಪಾಠವಾದದ್ದು ಕ್ಯಾಮೆರಾವನ್ನು ಕಣ್ಣಿನಿಂದ ಕಾಣುವುದಕ್ಕೂ ಮುಂಚೆ. 1970ರ ದಶಕದಲ್ಲಿ ಮಠದ ಪಾಠಶಾಲೆಯಲ್ಲಿದ್ದಾಗ, ಸಂಜೆಯ ಪಾಠದ ನಂತರ ನಮ್ಮ ಹಿರಿಯ ಪಂಡಿತರು ತಾಳೆಗರಿಯ ಕಟ್ಟುಗಳನ್ನು ಬಿಚ್ಚುತ್ತಿದ್ದರು. ಕಂಠದಿಂದ ಗರಿಯ ಮೇಲೆ ಅಕ್ಷರ ಕೊರೆದು, ಮಸಿ ತುಂಬಿ ಒರೆಸುವುದು ವಾಡಿಕೆಯೆಂಬುದು ಬಲ್ಲವರಿಗೆ ಗೊತ್ತು. ಕೆಲವು ಗರಿಗಳಲ್ಲಿ ಮಸಿ ಪೂರ್ತಿ ಮಾಸಿಹೋಗಿತ್ತು. ಹಗಲಿನಲ್ಲಿ ಕಿಟಕಿಗೆ ಎದುರಾಗಿ ಹಿಡಿದರೆ ಬರಿಯ ಒಣ ಎಲೆ. ಪಂಡಿತರು ಎಣ್ಣೆಯ ದೀಪವನ್ನು ಎಡಕ್ಕೆ, ಗರಿಯ ಮಟ್ಟಕ್ಕೇ ಇಳಿಸಿ ಇಡುತ್ತಿದ್ದರು. ಗರಿಯನ್ನು ತುಸು ಓರೆಮಾಡುತ್ತಿದ್ದರು. ಕ್ಷಣದಲ್ಲಿ ಸಾಲು ಸಾಲಾಗಿ ಅಕ್ಷರಗಳು ಏಳುತ್ತಿದ್ದವು. ನಾವು ಹುಡುಗರು ಅದನ್ನು ಪಂಡಿತರ ಸಿದ್ಧಿಯೆಂದೇ ನಂಬಿದ್ದೆವು. ಸಿದ್ಧಿ ದೀಪದ್ದು. ಕೊರೆದ ಗೀರಿನ ಒಂದು ಅಂಚು ಬೆಳಗುತ್ತಿತ್ತು, ಇನ್ನೊಂದು ಅಂಚು ಕಪ್ಪಾಗುತ್ತಿತ್ತು. ಅಕ್ಷರವೆಂದರೆ ಆ ಎರಡರ ನಡುವಿನ ವ್ಯತ್ಯಾಸವೇ.

ಶಿಲ್ಪದ ಮಾತೂ ಇದೇ. ಕಲ್ಲಿಗೆ ಬಣ್ಣ ಒಂದೇ. ಚಿತ್ರಕಾರನಿಗೆ ಹತ್ತು ಬಣ್ಣಗಳಿರುವಂತೆ ಶಿಲ್ಪಿಗೆ ಇರುವುದು ಬೆಳಕು ಮತ್ತು ನೆರಳು ಮಾತ್ರ. ಮೂಗು ಮುಂದಕ್ಕಿದೆ, ಕಣ್ಣು ಹಿಂದಕ್ಕಿದೆ ಎಂಬುದನ್ನು ನಮ್ಮ ಎರಡು ಕಣ್ಣುಗಳು ದೂರವನ್ನು ಅಳೆದು ತಿಳಿಯುತ್ತವೆ. ನಾವು ಅತ್ತಿತ್ತ ತಲೆ ಆಡಿಸಿದಾಗಲೂ ತಿಳಿಯುತ್ತದೆ. ಕ್ಯಾಮೆರಾ ಒಕ್ಕಣ್ಣಿನದು, ತಲೆಯಾಡಿಸದೆ ನಿಂತದ್ದು. ಅದಕ್ಕೆ ಉಬ್ಬುತಗ್ಗನ್ನು ಹೇಳಬಲ್ಲದ್ದು ನೆರಳೊಂದೇ. ನಮ್ಮ ಬೆನ್ನ ಹಿಂದಿನಿಂದ ಸೂರ್ಯನ ಬೆಳಕು ನೇರವಾಗಿ ಶಿಲ್ಪದ ಮುಖಕ್ಕೆ ಹೊಡೆಯುತ್ತಿದ್ದರೆ ನೆರಳುಗಳೆಲ್ಲ ಶಿಲ್ಪದ ಹಿಂದೆ ಅಡಗುತ್ತವೆ. ಚಿತ್ರ ಚಪ್ಪಟೆಯಾಗುತ್ತದೆ. ಸೂರ್ಯ ಬೆನ್ನಿಗಿರಲಿ ಎಂದು ಹಿಂದೆ ಸ್ಟುಡಿಯೋದವರು ಎಲ್ಲರಿಗೂ ಹೇಳುತ್ತಿದ್ದರು. ಮದುವೆಯ ಮಂದಿಗೆ ಅದು ಸರಿ, ಕಲ್ಲಿಗೆ ಸರಿಯಲ್ಲ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಸರಿಸಬೇಡಿ. ಗೋಡೆಯಿಂದ ಅರ್ಧ ಅಂಗುಲ ಎದ್ದಿರುವ ಒಂದು ಉಬ್ಬುಶಿಲ್ಪವಿದೆಯೆನ್ನಿ. ಬೆಳಕು ಗೋಡೆಗೆ 45 ಡಿಗ್ರಿ ಓರೆಯಾಗಿ ಬಿದ್ದರೆ ನೆರಳು ಅರ್ಧ ಅಂಗುಲ. 27 ಡಿಗ್ರಿಗೆ ಇಳಿದರೆ ಒಂದು ಅಂಗುಲ. ಗೋಡೆಯನ್ನು ಸವರಿಕೊಂಡು ಹೋಗುವಂತೆ 11 ಡಿಗ್ರಿಗೆ ಬಂದರೆ ಎರಡೂವರೆ ಅಂಗುಲ. ಸವೆದು ಹೋಗಿ ಬೆರಳಿಗೆ ಮಾತ್ರ ತಿಳಿಯುವ ಅಕ್ಷರ ಆ ಕೊನೆಯ ಹೊತ್ತಿನಲ್ಲಿ ಕಣ್ಣಿಗೂ ತಿಳಿಯುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಹಳೇಬೀಡಿನ ಗೋಡೆಯಂತೆ ಆಳವಾಗಿ ಕೊರೆದ ಕಡೆ ಅಷ್ಟು ಓರೆಯ ಬಿಸಿಲು ಬಿದ್ದರೆ ಒಂದು ವಿಗ್ರಹದ ಮೊಣಕೈ ಪಕ್ಕದ ವಿಗ್ರಹದ ಮುಖವನ್ನೇ ನುಂಗಿಬಿಡುತ್ತದೆ. ಆದುದರಿಂದ ಎಲ್ಲ ಕಲ್ಲಿಗೂ ಒಂದೇ ಮುಹೂರ್ತವೆಂಬುದಿಲ್ಲ. ಸವೆದದ್ದಕ್ಕೆ ತೀರ ಓರೆ, ಆಳದ್ದಕ್ಕೆ ಮಧ್ಯಮ ಓರೆ. ಅತಿ ಸೂಕ್ಷ್ಮವಾದ ಜಾಲರಿ ಕೆತ್ತನೆಗೆ ತೆಳುಮೋಡದ ದಿನವೇ ಲೇಸು.

ಮುಹೂರ್ತವನ್ನು ನಿರ್ಣಯಿಸುವುದು ಶಿಲ್ಪ ಯಾವ ದಿಕ್ಕಿಗೆ ಮುಖಮಾಡಿದೆ ಎಂಬುದು. ನಮ್ಮ ಪ್ರವಾಸಿಗರು ಇದೊಂದನ್ನು ವಿಚಾರಿಸುವುದಿಲ್ಲ. ಬಸ್ಸು ಯಾವಾಗ ತಲುಪುತ್ತದೋ ಆಗಲೇ ದರ್ಶನ, ಆಗಲೇ ಚಿತ್ರ.

ಶ್ರವಣಬೆಳಗೊಳದ ಗೊಮ್ಮಟನನ್ನೇ ತೆಗೆದುಕೊಳ್ಳಿ. ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯನು ಮಾಡಿಸಿದ, ಸುಮಾರು 57 ಅಡಿ ಎತ್ತರದ ಆ ಮೂರ್ತಿ ನಿಂತಿರುವುದು ಉತ್ತರಾಭಿಮುಖವಾಗಿ. ಚಳಿಗಾಲದಲ್ಲಿ ಸೂರ್ಯನು ದಿನವಿಡೀ ದಕ್ಷಿಣಕ್ಕೆ ಸರಿದಿರುತ್ತಾನೆ. ಡಿಸೆಂಬರ್, ಜನವರಿಗಳಲ್ಲಿ, ಪ್ರವಾಸಿಗರು ಅತಿ ಹೆಚ್ಚು ಬರುವ ಆ ತಿಂಗಳುಗಳಲ್ಲಿ, ಬಿಸಿಲು ಮೂರ್ತಿಯ ಬೆನ್ನಿಗೆ ಬೀಳುತ್ತದೆ; ಮುಖ ನೆರಳಿನಲ್ಲಿರುತ್ತದೆ. ಹಿಂದೆ ಬೆಳಗಿದ ಆಕಾಶ, ಮುಂದೆ ಮಂಕಾದ ಮುಖ. ಕ್ಯಾಮೆರಾ ಆಕಾಶದ ಬೆಳಕಿಗೆ ಹೆದರಿ ಮುಖವನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಆ ಅಕ್ಷಾಂಶದಲ್ಲಿ ಸುಮಾರಾಗಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯ ತಲೆಯ ಮೇಲಿನಿಂದ ತುಸು ಉತ್ತರಕ್ಕೆ ಜರುಗುತ್ತಾನೆ. ಮಾರ್ಚ್ ಕಳೆದಂದಿನಿಂದಲೇ ಸೂರ್ಯೋದಯವು ಪೂರ್ವಕ್ಕಿಂತ ಉತ್ತರಕ್ಕೆ ಸರಿದಿರುತ್ತದೆ. ಆ ದಿನಗಳ ಮುಂಜಾವಿನಲ್ಲಿ ಮೂರ್ತಿಯ ಬಲಗೆನ್ನೆಯನ್ನು ಸವರಿಕೊಂಡು ಬರುವ ಬೆಳಕನ್ನು ನೋಡಬೇಕು. ಅರೆಮುಚ್ಚಿದ ರೆಪ್ಪೆ, ತುಟಿಯ ಅಂಚು, ತೋಳಿಗೆ ಹಬ್ಬಿದ ಬಳ್ಳಿ, ಒಂದೊಂದೂ ತನ್ನ ತಾವಿನಲ್ಲಿ ನಿಲ್ಲುತ್ತದೆ. ನಮ್ಮ ಅತಿಥಿಗಳು ಹೋದದ್ದು ಸರಿಯಾದ ತಿಂಗಳಿನಲ್ಲೇ; ಆದರೆ ಬೆಟ್ಟ ಹತ್ತಿದ್ದು ಹನ್ನೆರಡು ಗಂಟೆಗೆ, ಕಾಲು ಸುಡುತ್ತ. ನೆತ್ತಿಯ ಬಿಸಿಲಿಗೆ ಹುಬ್ಬಿನ ನೆರಳು ಕಣ್ಣಿಗಿಳಿದು ಆ ಶಾಂತಮೂರ್ತಿ ಮುನಿದವನಂತೆ ಕಾಣುತ್ತಿದ್ದ.

ಹಂಪೆಯ ಉಗ್ರನರಸಿಂಹನದು ಬೇರೆ ಕಥೆ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಆದ, ಸುಮಾರು 22 ಅಡಿಯ ಆ ಏಕಶಿಲಾಮೂರ್ತಿ ಪೂರ್ವಕ್ಕೆ ನೋಡುತ್ತದೆ. ಹೊತ್ತು ಮೂಡಿದ ಕೂಡಲೇ ಹೋದರೆ ಬೆಳಕು ಬಂಗಾರದಂತಿರುತ್ತದೆ, ಆದರೆ ನೇರ ಮುಖಕ್ಕೆ ಬೀಳುತ್ತದೆ. ಒಂಬತ್ತು, ಹತ್ತರ ನಡುವೆ ಬೆಳಕು ಮೇಲಿನಿಂದ ಓರೆಯಾಗಿ ಇಳಿದು ಕಣ್ಣುಗುಡ್ಡೆಗಳೂ ಕೇಸರವೂ ಹೊರಕ್ಕೆ ಬರುತ್ತವೆ. ಮಧ್ಯಾಹ್ನ ಕಳೆದ ಮೇಲೆ ಮುಖವೆಲ್ಲ ನೆರಳು. ಇನ್ನೊಂದು ಸಂಗತಿ. ತೊಡೆಯ ಮೇಲೆ ಕುಳಿತಿದ್ದ ಲಕ್ಷ್ಮಿಯ ವಿಗ್ರಹ ಒಡೆದು ಹೋಗಿ, ಆಕೆಯ ಕೈಯೊಂದು ಮಾತ್ರ ನರಸಿಂಹನ ಬೆನ್ನ ಮೇಲೆ ಉಳಿದಿದೆ. ಮುಂದಿನಿಂದ ತೆಗೆದ ಸಾವಿರ ಚಿತ್ರಗಳಲ್ಲಿ ಆ ಕೈ ಕಾಣದು. ಅದು ಉಗ್ರಮೂರ್ತಿಯಲ್ಲ, ಲಕ್ಷ್ಮೀನರಸಿಂಹ ಎಂದು ಸಾಕ್ಷಿ ನುಡಿಯುತ್ತಿರುವುದು ಆ ಒಂದು ಕೈ. ನಾವು ಚಿತ್ರ ತೆಗೆಯುವುದು ಕೋರೆಹಲ್ಲುಗಳನ್ನು ಮಾತ್ರ.

ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಶಿಲ್ಪಿಗಳು ಈ ಲೆಕ್ಕವನ್ನೆಲ್ಲ ತಾವೇ ಮಾಡಿಟ್ಟಿದ್ದಾರೆಂದು ನನ್ನ ಎಣಿಕೆ. ಗೋಡೆ ನೇರವಾಗಿಲ್ಲ, ನಕ್ಷತ್ರದ ಮೂಲೆಗಳಂತೆ ಮಡಿಚಿಕೊಂಡು ಹೋಗಿದೆ. ಸೂರ್ಯ ಎಲ್ಲಿಯೇ ಇರಲಿ, ಒಂದು ಮಡಿಕೆಗೆ ಮುಂಬೆಳಕು ಬಿದ್ದರೆ ಅದರ ಪಕ್ಕದ್ದಕ್ಕೆ ಓರೆಬೆಳಕು, ಅದರಾಚೆಯದಕ್ಕೆ ನೆರಳು. ಗೋಡೆಯ ಅತಿ ಸಮೃದ್ಧವಾದ ಭಾಗ ಗುಡಿಯ ಹಿಂಬದಿಗೆ, ಪಡುವಣಕ್ಕೆ ಇರುವುದರಿಂದ ಮಧ್ಯಾಹ್ನ ಮೂರರ ಮೇಲೆ ಅಲ್ಲಿ ಸುತ್ತುತ್ತಿರಬೇಕು. ನಾನು ಒಮ್ಮೆ ಒಂದೇ ಶಿಲ್ಪದ ಮುಂದೆ ಎರಡು ತಾಸು ಕುಳಿತು, ಕಾಲು ಗಂಟೆಗೊಂದರಂತೆ ಚಿತ್ರ ತೆಗೆದೆ. ಕಾವಲುಗಾರನಿಗೆ ಅನುಮಾನ ಬಂದು ಎರಡು ಬಾರಿ ವಿಚಾರಿಸಿದ. ಆ ಎಂಟು ಚಿತ್ರಗಳನ್ನು ಸಾಲಾಗಿಟ್ಟರೆ ಶಿಲ್ಪದ ಮುಖಭಾವವೇ ಬದಲಾಗುತ್ತ ಹೋಗುತ್ತದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ತೆರೆದ ಮೇಲೆ ಬಿಗಿಯಾಗುವಂಥದು. ಆದುದರಿಂದಲೇ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಅದಕ್ಕೆ ಎಣ್ಣೆಯಂಥ ಒಂದು ಹೊಳಪಿದೆ. ಎದುರು ಬಿಸಿಲಿನಲ್ಲಿ ಆ ಹೊಳಪು ಬಿಳಿಯ ಚುಕ್ಕೆಗಳಾಗಿ ಕಣ್ಣು ಕುಕ್ಕುತ್ತದೆ.

ಬೇಲೂರಿನಲ್ಲಿ ತೊಡಕು ಹೆಚ್ಚು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ಗುಡಿಯ ಹೊರಗಿನ 38 ಮದನಿಕೆಯರೂ ಸೂರಿನ ಅಡಿಯಲ್ಲಿ, ಮುಂದಕ್ಕೆ ಬಾಗಿ ನಿಂತವರು. ಮೇಲಿನ ಬಿಸಿಲು ಅವರನ್ನು ಮುಟ್ಟುವುದಿಲ್ಲ. ಇಲ್ಲಿ, ಉಳಿದ ಕಡೆಯೆಲ್ಲ ನಾನು ಬೇಡವೆನ್ನುವ ನಡುಹಗಲೇ ನೆರವಿಗೆ ಬರುತ್ತದೆ. ಅಂಗಳದ ಕಲ್ಲುಹಾಸಿಗೆ ಬಿದ್ದ ಬಿಸಿಲು ಪುಟಿದು ಕೆಳಗಿನಿಂದ ಅವರ ಮುಖವನ್ನು ಮೃದುವಾಗಿ ಬೆಳಗುತ್ತದೆ. ಈ ಮದನಿಕೆಗಳ ಪೀಠದಲ್ಲಿ ಶಿಲ್ಪಿಗಳ ಹೆಸರುಗಳಿವೆಯಷ್ಟೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಂಥ ಹೆಸರುಗಳನ್ನು ನಾವಿಂದು ಹೇಳಬಲ್ಲೆವಾದರೆ, ಆ ಚಿಕ್ಕ ಅಕ್ಷರಗಳನ್ನು ಯಾರೋ ತಾಳ್ಮೆಯಿಂದ ಓದಿದ್ದರಿಂದ. ಅಲ್ಲಮಪ್ರಭುವಿನ ಊರೆಂದು ನಾವು ಬಳ್ಳಿಗಾವೆಯನ್ನು ನೆನೆಯುವಾಗ ಈ ತಂದೆ ಮಕ್ಕಳನ್ನೂ ನೆನೆದರೆ ತಪ್ಪಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ಗುಡಿಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಬೆಳಕಿನ ಮಾತು ಇಷ್ಟಾಯಿತು. ಎರಡನೆಯದು, ಎಲ್ಲಿ ನಿಲ್ಲಬೇಕೆಂಬುದು.

ಲೇಪಾಕ್ಷಿಯ ಬಸವಣ್ಣನನ್ನು ಬಹಳ ಜನ ನೋಡಿರುತ್ತೀರಿ. ಆಂಧ್ರದ ಗಡಿಯೊಳಗೆ, ವೀರಭದ್ರನ ಗುಡಿಗೆ ತುಸು ದೂರದಲ್ಲಿ ಬಯಲಿನಲ್ಲೇ ಕುಳಿತ, ಸುಮಾರು 27 ಅಡಿ ಉದ್ದ 15 ಅಡಿ ಎತ್ತರದ ನಂದಿ ಅದು. ಅದರ ಮೂತಿಗೆ ಆರು ಅಡಿ ದೂರದಲ್ಲಿ ನಿಂತು ಚಿತ್ರ ತೆಗೆದಿರೆನ್ನಿ. ಮೂತಿ ನಿಮಗೆ ಆರು ಅಡಿ. ಹಿಂಭಾಗ ಮೂವತ್ತಮೂರು ಅಡಿ. ಎಂದರೆ ಹಿಂಭಾಗಕ್ಕಿಂತ ಮೂತಿ ಐದೂವರೆ ಪಟ್ಟು ಹಿಗ್ಗಿ ಮೂಡುತ್ತದೆ. ಹಿಂದಕ್ಕೆ ಸರಿದು 54 ಅಡಿ ದೂರದಲ್ಲಿ ನಿಲ್ಲಿ. ಈಗ 54ಕ್ಕೆ 81. ಒಂದೂವರೆ ಪಟ್ಟು ಮಾತ್ರ. ಅಲ್ಲಿಂದ ಮೊಬೈಲಿನಲ್ಲಿ ಎರಡು ಪಟ್ಟೋ ಮೂರು ಪಟ್ಟೋ ಹತ್ತಿರಕ್ಕೆಳೆದು ತೆಗೆದರೆ ಎತ್ತು ಎತ್ತಿನಂತಿರುತ್ತದೆ, ಕೊರಳ ಗಂಟೆಸರಕ್ಕೂ ಗೋಪುರದಂಥ ಹಿಣಿಲಿಗೂ ಅವುಗಳ ಪ್ರಮಾಣ ಉಳಿಯುತ್ತದೆ. ಲೆನ್ಸ್ ದೊಡ್ಡದಾಗಿಸಿತು, ಚಿಕ್ಕದಾಗಿಸಿತು ಎಂದು ಜನ ಲೆನ್ಸನ್ನು ದೂರುತ್ತಾರೆ. ಪ್ರಮಾಣವನ್ನು ಕೆಡಿಸುವುದು ನಾವು ನಿಂತ ತಾವು. ಮೊಬೈಲಿನ ಮುಖ್ಯ ಕಣ್ಣು ಅಗಲನೋಟದ್ದಾಗಿರುವುದರಿಂದ, ಇಡೀ ವಸ್ತು ಹಿಡಿಸುತ್ತದೆಯಲ್ಲ ಎಂದು ನಾವು ತೀರ ಹತ್ತಿರ ಹೋಗುತ್ತೇವೆ. ಕೆಡುಕು ಅಲ್ಲಿ.

ಎತ್ತರದ ಮೂರ್ತಿಗೂ ಇದೇ ಸೂತ್ರ. ಗೊಮ್ಮಟನ ಪಾದದ ಬಳಿ ನಿಂತು ಕ್ಯಾಮೆರಾವನ್ನು ಮೇಲಕ್ಕೆತ್ತಿದರೆ ಕಾಲು ಕಂಬದಂತಾಗಿ, ತಲೆ ನಿಂಬೆಹಣ್ಣಿನಂತಾಗುತ್ತದೆ. ಹಿಂದೆ ಸರಿಯೋಣವೆಂದರೆ ಗಂಗರಾಜನು ಕಟ್ಟಿಸಿದ ಸುತ್ತಾಲಯದ ಗೋಡೆ ಅಡ್ಡ. ಸಾಧ್ಯವಿರುವಷ್ಟು ಹಿಂದಕ್ಕೆ ಗೋಡೆಗೊರಗಿ ನಿಲ್ಲಿ. ಕ್ಯಾಮೆರಾವನ್ನು ಆದಷ್ಟು ನೆಟ್ಟಗೆ ಹಿಡಿಯಿರಿ. ಇಲ್ಲವೆ ಎದುರಿನ ಚಂದ್ರಗಿರಿಯನ್ನು ಹತ್ತಿ. ಗೋಡೆಗಳ ಮೇಲಿಂದ ಎದ್ದ ಮುಖವನ್ನೂ ಭುಜಗಳನ್ನೂ ದೂರದಿಂದ ನೋಡಿದಾಗ ಶಿಲ್ಪಿಯ ಮನಸ್ಸಿನಲ್ಲಿದ್ದ ಪ್ರಮಾಣ ತಿಳಿಯುತ್ತದೆ.

ಮನೆಮಂದಿಯನ್ನು ಶಿಲ್ಪದೊಂದಿಗೆ ನಿಲ್ಲಿಸುವವರಿಗೂ ಒಂದು ಮಾತು. ಮಗುವನ್ನು ಕ್ಯಾಮೆರಾದ ಬಳಿ ನಿಲ್ಲಿಸಿದರೆ ಶಿಲ್ಪ ಕುಗ್ಗುತ್ತದೆ. ಶಿಲ್ಪದ ಪಕ್ಕದಲ್ಲೇ, ಅದೇ ದೂರದಲ್ಲಿ ನಿಲ್ಲಿಸಿದರೆ ಅದರ ಗಾತ್ರ ಎಷ್ಟೆಂಬುದು ಮುಂದಿನ ತಲೆಮಾರಿಗೂ ತಿಳಿಯುತ್ತದೆ. ಆದರೆ ಶಿಲ್ಪಕ್ಕೆ ಒರಗಿಸಬೇಡಿ, ಪೀಠದ ಮೇಲೆ ಹತ್ತಿಸಬೇಡಿ. ಹೊಸ ಮೊಬೈಲುಗಳು ತಮ್ಮ ಜಾಣತನದಿಂದ ನೆರಳನ್ನೆಲ್ಲ ತಾವೇ ತಿಳಿಮಾಡಿಬಿಡುತ್ತವೆ. ಆ ಉಪಕಾರ ನಮಗೆ ಬೇಡದ್ದು. ಕಲ್ಲಿನ ಬೆಳಗಿದ ಭಾಗವನ್ನು ಬೆರಳಿನಿಂದ ಮುಟ್ಟಿ, ಬೆಳಕನ್ನು ತುಸು ತಗ್ಗಿಸಿಕೊಂಡರೆ ನೆರಳು ಮರಳಿ ಬರುತ್ತದೆ. ನೆರಳು ತೀರ ಕಪ್ಪಾದರೆ ಮನೆಯವರಲ್ಲೊಬ್ಬರು ಬಿಳಿಯ ಪಂಚೆಯನ್ನು ಬಿಡಿಸಿ ಆ ಮಗ್ಗುಲಿಗೆ ಹಿಡಿಯಲಿ, ಸಾಕು.

ಶಾಸನ ತೆಗೆಯುವವರು ಕನ್ನಡಿಯೊಂದನ್ನು ಒಯ್ಯಬೇಕು. ಕಲ್ಲು ನೆರಳಿನಲ್ಲಿದ್ದರೆ ಹತ್ತು ಮಾರು ದೂರದ ಬಿಸಿಲಿನಿಂದ ಕನ್ನಡಿಯ ಮೂಲಕ ಬೆಳಕನ್ನು ತಂದು ಕಲ್ಲಿನ ಮೈಯನ್ನು ಸವರುವಂತೆ ಬಿಡಬಹುದು. ರಾತ್ರಿಯಾದರೆ ಟಾರ್ಚು. ಬೆಳಕು ಯಾವ ಕಡೆಯಿಂದ ಬಂತೆಂಬುದನ್ನು ಚಿತ್ರದ ಜೊತೆ ಬರೆದಿಡಿ. ಬೆಳಕು ಮೇಲಿನಿಂದಲೇ ಬರುತ್ತದೆಂದು ನಮ್ಮ ಬುದ್ಧಿ ಹುಟ್ಟಿದಂದಿನಿಂದ ನಂಬಿದೆ. ಕೆಳಗಿನಿಂದ ಬಂದ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಕೊರೆದ ಅಕ್ಷರ ಉಬ್ಬಿದಂತೆಯೂ, ಉಬ್ಬಿದ್ದು ಕೊರೆದಂತೆಯೂ ಕಂಡು ಓದುವವನನ್ನು ಮೋಸಗೊಳಿಸುತ್ತದೆ. ಹಿಂದೆ ಕೆಲವರು ಅಕ್ಷರಕ್ಕೆ ಸೀಮೆಸುಣ್ಣ ತುಂಬುತ್ತಿದ್ದರು, ಎಣ್ಣೆ ಬಳಿಯುತ್ತಿದ್ದರು. ದಯವಿಟ್ಟು ಅದನ್ನು ಮಾಡಬೇಡಿ. ಸುಣ್ಣ ತುಂಬಿದವನು ತನಗೆ ತೋರಿದ ಅಕ್ಷರವನ್ನು ತುಂಬಿರುತ್ತಾನೆ. ಕಲ್ಲಿನ ಮೇಲಿದ್ದ ಅಕ್ಷರ ಅದರಡಿ ಮುಚ್ಚಿಹೋಗುತ್ತದೆ. ಇಂದು ವಿದ್ವಾಂಸರು ಒಂದೇ ಕಲ್ಲಿಗೆ ಹತ್ತಾರು ದಿಕ್ಕುಗಳಿಂದ ಬೆಳಕು ಹಾಯಿಸಿ, ಆ ಚಿತ್ರಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಂದುಗೂಡಿಸಿ ಓದುತ್ತಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು ನಗರದ ಸುತ್ತಣ ಶಾಸನಗಳನ್ನು ಮೂರು ಆಯಾಮಗಳಲ್ಲಿ ದಾಖಲಿಸುವ ಕೆಲಸ ಕೈಗೊಂಡಿರುವುದು ಸ್ತುತ್ಯವಾದುದು. ಪಂಡಿತರ ಎಣ್ಣೆದೀಪದ ತತ್ತ್ವವೇ ಅಲ್ಲಿಯೂ ನಡೆದಿದೆ.

ಇಷ್ಟೆಲ್ಲ ಏಕೆ ಬೇಕು ಎಂಬ ಮಾತಿಗೆ ಹಂಪೆಯ ಕಲ್ಲಿನ ತೇರು ಉತ್ತರ ಹೇಳುತ್ತದೆ. ಐವತ್ತು ರೂಪಾಯಿಯ ನೋಟಿನ ಮೇಲೆ ಎಲ್ಲರೂ ನೋಡುವ ಆ ತೇರಿಗೆ ಇಟ್ಟಿಗೆಯ ಶಿಖರವೊಂದಿತ್ತು. ಈಗ ಇಲ್ಲ. ಇತ್ತೆಂದು ನಮಗೆ ತಿಳಿದಿರುವುದು, 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣದ ಕಾಗದದ ದೊಡ್ಡ ನೆಗೆಟಿವುಗಳ ಮೇಲೆ ಹಂಪೆಯನ್ನು ಸೆರೆಹಿಡಿದುದರಿಂದ. ಆ ಚಿತ್ರದಲ್ಲಿ ಶಿಖರ ನಿಚ್ಚಳವಾಗಿದೆ. 1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕರು ಗ್ರೀನ್‌ಲಾ ನಿಂತ ತಾಣಗಳನ್ನೇ ಹುಡುಕಿ, ಅಲ್ಲಿಯೇ ಕ್ಯಾಮೆರಾ ಇಟ್ಟು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ ನಡುವಿನ 127 ವರ್ಷಗಳಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

1988ರ ಬೇಸಿಗೆ. ವೀರಗಲ್ಲುಗಳನ್ನು ಕುರಿತು ಬರೆಯಬೇಕೆಂದು ಎರವಲು ಕ್ಯಾಮೆರಾವೊಂದನ್ನು ಹಿಡಿದು ಹೊರಟಿದ್ದೆ. ಮಲೆನಾಡಿನ ಸೆರಗಿನ ಒಂದು ಸಣ್ಣ ಊರಿನಲ್ಲಿ, ಬಾವಿಯ ಬಳಿ ಕಲ್ಲೊಂದು ಅಂಗಾತ ಬಿದ್ದಿತ್ತು. ಮುದುಕಿಯೊಬ್ಬಳು ಅದರ ಅಂಚಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕೆತ್ತನೆಯ ಮೇಲೆ ಮಾತ್ರ ಬಟ್ಟೆ ಹಾಕುತ್ತಿರಲಿಲ್ಲ. ಕೆಳಗಿನ ಅಂಕಣದಲ್ಲಿ ಹೋರಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ, ಅರ್ಚಕ, ನಂದಿ. ಅಂಕಣಗಳ ನಡುವಣ ಪಟ್ಟಿಕೆಗಳಲ್ಲಿ ಸವೆದ ಅಕ್ಷರ. ಅದು ತಮ್ಮ ಮನೆಯ ಹಿರಿಯನ ಕಲ್ಲೆಂದು ಆಕೆಯ ಅತ್ತೆ ಹೇಳಿದ್ದಳಂತೆ. ಅಮಾವಾಸ್ಯೆಗೆ ದೀಪ ಹಚ್ಚುತ್ತೇವೆ, ಹೆಸರು ಮಾತ್ರ ಗೊತ್ತಿಲ್ಲ ಎಂದಳು. "ಅದರಾಗೆ ಏನು ಬರದೈತಪ್ಪ?" ಎಂದು ಕೇಳಿದಳು.

ಗಂಟೆ ಹನ್ನೆರಡು ದಾಟಿತ್ತು. ಅಂಗಾತ ಬಿದ್ದ ಕಲ್ಲು, ನೆತ್ತಿಯ ಸೂರ್ಯ. ನೆರಳೆಂಬುದು ಎಲ್ಲಿಯೂ ಇಲ್ಲ. ಬೆರಳಾಡಿಸಿದರೆ ಅಕ್ಷರ ತಿಳಿಯುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಒಂದು ಗಂಟೆಯ ಬಸ್ಸು ತಪ್ಪಿದರೆ ಮರುದಿನವೇ ಇನ್ನೊಂದು. ನಾಲ್ಕು ಚಿತ್ರ ತೆಗೆದೆ, ಕಲ್ಲಿನ ಉದ್ದಗಲ ಬರೆದುಕೊಂಡೆ. ಚಿತ್ರ ತೊಳೆಸಿದ ಮೇಲೆ ಓದಿ ಕಾಗದ ಬರೆಯುತ್ತೇನೆಂದು ಮುದುಕಿಗೆ ಮಾತು ಕೊಟ್ಟು ಬಂದೆ. ದೀಪವನ್ನು ಓರೆಯಾಗಿಡುವುದನ್ನು ಹತ್ತು ವರ್ಷ ನೋಡಿದ್ದವನಿಗೆ, ಸಂಜೆಯವರೆಗೆ ಕಾಯಬೇಕೆಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಬಸ್ಸಿನ ಚಿಂತೆಯೇ ಗೆಲ್ಲುತ್ತಿತ್ತೇನೋ.

ಚಿತ್ರಗಳು ಬಂದವು. ನಾಲ್ಕರಲ್ಲೂ ಬಿಳಿಚಿಕೊಂಡ ಒಂದು ಚಪ್ಪಡಿ. ವೀರನ ಕೈಯ ಕತ್ತಿಯೂ ಕಾಣದು. ಮುಂದಿನ ವರ್ಷ ಹೋಗೋಣವೆಂದುಕೊಂಡೆ, ಹೋದದ್ದು 1991ರಲ್ಲಿ. ಬಾವಿಯ ಬಳಿ ಕಲ್ಲಿರಲಿಲ್ಲ. ಊರಿನಲ್ಲಿ ಏನೋ ಕಟ್ಟುವ ಕೆಲಸ ನಡೆದಾಗ ಒಡೆದು ಬಳಸಿದರೆಂದು ಒಬ್ಬರು, ಗಾಡಿಯಲ್ಲಿ ಹೇರಿಕೊಂಡು ಹೋದರೆಂದು ಇನ್ನೊಬ್ಬರು ಹೇಳಿದರು. ಮುದುಕಿ ಬಾಗಿಲಲ್ಲೇ ಕುಳಿತಿದ್ದಳು. ನನ್ನ ಗುರುತು ಹಿಡಿದಳು. ಕಲ್ಲು ಹೋದುದರ ಬಗ್ಗೆ ಯಾರನ್ನೂ ದೂರಲಿಲ್ಲ. "ಕಾಗದ ಬರಲಿಲ್ಲವಲ್ಲಪ್ಪ" ಎಂದಳು, ಅಷ್ಟೆ. ಆಮೇಲೆ ನಾನು ಆ ಕಡೆಗೆ ಹೋಗಲಿಲ್ಲ. ಆಕೆಗೆ ತೋರಿಸಲು ನನ್ನಲ್ಲಿ ಮುಖವಿರಲಿಲ್ಲ.

ಕಳೆದುಹೋದದ್ದು ಕಳೆದುಹೋಯಿತೆಂದೇ ಇದ್ದೆ. 2025ರ ಆರಂಭದಲ್ಲಿ ಒಬ್ಬ ತರುಣ ಶಿಕ್ಷಕರಿಂದ ನನ್ನ ಮೊಬೈಲಿಗೆ ಒಂದು ಚಿತ್ರ ಬಂತು. ತಾನು ಆ ಮುದುಕಿಯ ಮೊಮ್ಮಗನೆಂದೂ, ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದುವೆಂದೂ, ಊರಿನ ಅರಳಿಕಟ್ಟೆಯ ತೆಂಕಣ ಬದಿಯಲ್ಲಿ ಹಸುವಿನ ಕಾಲಿನಂಥ ಕೆತ್ತನೆಯಿರುವ ತುಂಡೊಂದು ಕಂಡಿದೆಯೆಂದೂ ಬರೆದಿದ್ದರು. ಚಿತ್ರದಲ್ಲಿ ಕೆತ್ತನೆಯ ಮೇಲ್ಗಡೆ ಒರಟು ಮೈ ಬಿಟ್ಟು ಏನೂ ಕಾಣುತ್ತಿರಲಿಲ್ಲ. ನಾನು ಆ ಗೋಡೆ ಎತ್ತ ಮುಖಮಾಡಿದೆ ಎಂಬುದನ್ನು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡೆ. ತೆಂಕಣ ಗೋಡೆಗೆ ಚಳಿಗಾಲದ ಬಿಸಿಲು ಎದುರಾಗಿಯೇ ಬೀಳುತ್ತದೆ. ವಿಷುವ ಹತ್ತಿರವಾಗಿ ಸೂರ್ಯ ನೇರ ಪಡುವಣಕ್ಕೆ ಇಳಿಯತೊಡಗಿದಾಗ ಸಂಜೆಯ ಬೆಳಕು ಅದನ್ನು ಸವರಿಕೊಂಡು ಹೋಗಬೇಕು. ಶಿವರಾತ್ರಿ ಕಳೆಯಲಿ, ಬರುತ್ತೇನೆ ಎಂದೆ.

ಮಾರ್ಚ್ ಮೊದಲನೆಯ ದಿನ ಅಲ್ಲಿದ್ದೆ. ನಾಲ್ಕು ಗಂಟೆಗೆ ನೋಡಿದರೆ ಸಿಮೆಂಟು ಮೆತ್ತಿದ ಒಂದು ಕಲ್ಲು. ಕಟ್ಟೆಯ ಎದುರು ಚಾಪೆ ಹಾಸಿಕೊಂಡು ಕುಳಿತೆವು. ಮೊಮ್ಮಗ ನೀರು, ಬಾಳೆಹಣ್ಣು ತಂದರು. ಊರಿನ ಹುಡುಗರು ನಾಲ್ಕಾರು ಮಂದಿ ಸೇರಿದರು. ಐದು ಗಂಟೆಗೆ ಹಸುವಿನ ಎರಡನೆಯ ಕಾಲು ಕಂಡಿತು. ಐದೂವರೆಗೆ ಅದರ ಮೇಲಿನ ಪಟ್ಟಿಕೆಯ ಗೆರೆ. ಐದೂ ಮುಕ್ಕಾಲರ ಸುಮಾರಿಗೆ ಅರಳಿಯ ಬೊಡ್ಡೆಯ ಪಕ್ಕದಿಂದ ಹಾದುಬಂದ ಬಿಸಿಲು ಕಲ್ಲಿನ ಮೈಗೆ ತಾಗಿಯೂ ತಾಗದಂತೆ ಹರಿಯಿತು. ಪಟ್ಟಿಕೆಯಲ್ಲಿ ಒಂದು 'ತು', ಅದರ ಪಕ್ಕದಲ್ಲಿ ಹಳೆಯ 'ಱು' ಎದ್ದು ನಿಂತವು. ತುಱು ಎಂದರೆ ದನ. ಊರ ದನಗಳಿಗಾಗಿ ಕಾದಿ ಮಡಿದವನ ಕಲ್ಲು. ಮುಂದೆ ಅಳಿದ ಎರಡಕ್ಷರ. ಆಮೇಲೆ 'ಗಾವುಂಡನ ಮಗ' ಎಂಬುದು ಸ್ಪಷ್ಟವಾಗಿ ಕಂಡಿತು. ಮಗನ ಹೆಸರಿರಬೇಕಾದ ಕಡೆ ಕಲ್ಲು ಒಡೆದಿತ್ತು. ಒಂದು 'ಮ', ಅದಕ್ಕೊಂದು ದೀರ್ಘದ ಗುರುತು, ಅಷ್ಟೇ ಉಳಿದಿತ್ತು.

ಆ ಬೆಳಕು ನಿಂತದ್ದು ಹತ್ತು ಹನ್ನೆರಡು ನಿಮಿಷ. ಮೊಮ್ಮಗ ಚಿತ್ರ ತೆಗೆಯುತ್ತಲೇ ಇದ್ದರು. ನಾನು ಗಟ್ಟಿಯಾಗಿ ಓದಿದೆ. ಮಗನ ಹೆಸರು 'ಮಾ' ಎಂದು ಆರಂಭವಾಗುತ್ತದೆ, ಮಾಚನೋ ಮಾರನೋ ಹೇಳಲಾಗದು ಎಂದೆ. ಅವರು ಕಿಸೆಯಿಂದ ಚೀಟಿ ತೆಗೆದು, ಕಲ್ಲಿನಲ್ಲಿದ್ದಂತೆಯೇ ಆ ಒಂದಕ್ಷರವನ್ನೂ ಬರೆದುಕೊಂಡು, ಮುಂದೆ ಜಾಗ ಬಿಟ್ಟರು. ಮನೆಗೆ ಹೋಗಿ ಅಜ್ಜಿಯ ಭಾವಚಿತ್ರದ ಗಾಜಿನ ಸಂದಿಗೆ ಅದನ್ನು ಸಿಕ್ಕಿಸಿದ್ದನ್ನು ನಾನು ಕಾಫಿ ಕುಡಿಯುತ್ತ ನೋಡಿದೆ.